ಗಡಸು ಸ್ಪ್ರಿಂಗಿನ ಮೋಹ, ರಸ್ತೆಯ ಲೆಕ್ಕ

ಭಾನುವಾರ ಬೆಳಗಿನ ಐದೂವರೆ. ಬೆಂಗಳೂರಿನ ಹೆಬ್ಬಾಳ ದಾಟಿ ನಂದಿಬೆಟ್ಟದ ಕಡೆ ಹೊರಟ ಕಾರುಗಳ ಸಾಲು. ಹೆದ್ದಾರಿಯಲ್ಲಿ ಸುಂಯ್ಯನೆ ಬಂದ ಹಳೆಯ ಪೋಲೊ ಒಂದು ಬೆಟ್ಟದ ದಾರಿಗೆ ತಿರುಗಿ, ಮೊದಲ ಹಳ್ಳಿಯ ಹಂಪ್ ಎದುರಾದ ಕೂಡಲೇ ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಅದರ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗವಿಲ್ಲ. ಚಾಲಕ ಕಾರನ್ನು ಓರೆ ಮಾಡಿ, ಒಂದೊಂದೇ ಚಕ್ರ ಹತ್ತಿಸಿ, ತಳ ಉಜ್ಜುವ ಸದ್ದಿಗೆ ಮುಖ ಕಿವುಚುತ್ತಾ ದಾಟುತ್ತಾನೆ. ಹಿಂದೆ ಹಾಲಿನ ಕ್ಯಾನು ಹೇರಿಕೊಂಡ ಟಾಟಾ ಏಸ್ ಹಾರನ್ ಬಾರಿಸುತ್ತಿರುತ್ತದೆ.

ಬೆಟ್ಟದ ತಿರುವಿನಲ್ಲಿ, ಡಾಂಬರು ಉಬ್ಬಿ ತಗ್ಗುಬಿದ್ದ ಕಡೆ, ಅದೇ ಕಾರಿನ ಹಿಂಭಾಗ ಪಕ್ಕಕ್ಕೆ ಪುಟಿಯುತ್ತದೆ. ಅದರ ಬೆನ್ನಿಗೇ ಕಂಪನಿಯ ಸ್ಪ್ರಿಂಗನ್ನೇ ಉಳಿಸಿಕೊಂಡು ಒಳ್ಳೆಯ ಟೈರು ಮಾತ್ರ ಹಾಕಿಸಿಕೊಂಡ ಇನ್ನೊಂದು ಕಾರು ಬರುತ್ತದೆ. ತುಸು ವಾಲುತ್ತದೆ, ಆದರೆ ಹಿಡಿದ ದಾರಿ ಬಿಡುವುದಿಲ್ಲ.

ಮೊದಲ ಕಾರಿನ ಮಾಲೀಕ ಹಣ ಸುರಿದಿಲ್ಲವೆಂದಲ್ಲ. ಜೆ.ಸಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ, ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಜೋಡಣೆಯಲ್ಲಿರುವ ದುಬಾರಿ ಕಾಯಿಲ್‌ಓವರ್ ಕಿಟ್ ಕೊಂಡಿದ್ದಾನೆ. ಹಾಕಿಕೊಟ್ಟವರು “ಗುಂಡೀಲಿ ಸ್ವಲ್ಪ ಹೊಡಿಯುತ್ತೆ ಸಾರ್, ಆಮೇಲೆ ಸೆಟ್ ಆಗುತ್ತೆ” ಅಂದಿರುತ್ತಾರೆ. ಸೆಟ್ ಆಗುವುದಿಲ್ಲ. ಸ್ಪ್ರಿಂಗ್ ಗಡಸಾದಷ್ಟೂ ಕಾರು ರಸ್ತೆಗೆ ಕಚ್ಚಿಕೊಳ್ಳುತ್ತದೆ ಎಂಬ ನಂಬಿಕೆಯಲ್ಲೇ ಎಡವಟ್ಟಿದೆ.

ಪೆಟ್ಟಿಗೆಯ ಮೇಲಿನ ಅಂಕಿ

ಸ್ಪ್ರಿಂಗನ್ನು ಒಂದು ಮಿಲಿಮೀಟರ್ ಕುಗ್ಗಿಸಲು ಎಷ್ಟು ಬಲ ಬೇಕು ಎಂಬುದೇ ಅದರ ರೇಟ್. ಜಪಾನಿ ಕಿಟ್‌ಗಳ ಮೇಲೆ ಇದು ಮಿ.ಮೀ.ಗೆ ಇಷ್ಟು ಕೆ.ಜಿ. ಎಂದಿರುತ್ತದೆ, ಅಮೆರಿಕದವುಗಳ ಮೇಲೆ ಇಂಚಿಗೆ ಇಷ್ಟು ಪೌಂಡ್ ಎಂದು, ಎಂಜಿನಿಯರುಗಳ ಕಾಗದದಲ್ಲಿ ನ್ಯೂಟನ್ ಎಂದು. ಮಿ.ಮೀ.ಗೆ 1 ಕೆ.ಜಿ. ಎಂದರೆ 9.8 ನ್ಯೂಟನ್, ಇಂಚಿನ ಲೆಕ್ಕದಲ್ಲಿ ಸುಮಾರು 56 ಪೌಂಡ್. ಕುಗ್ಗಿದಷ್ಟೇ ಪ್ರಮಾಣದಲ್ಲಿ ಬಲವೂ ಏರುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲೇ ಪ್ರಕಟಿಸಿದ್ದ. ಈಗಿನ ಸಾಮಾನ್ಯ ಸ್ಪ್ರಿಂಗುಗಳೂ ಅದನ್ನೇ ಪಾಲಿಸುತ್ತವೆ.

ಕಣ್ಣಳತೆಯಲ್ಲಿ ಮಾತ್ರ ಈ ಗಡಸುತನ ಸಿಗುವುದಿಲ್ಲ. ಅಂಗಡಿಯ ಮೇಜಿನ ಮೇಲೆ ಎರಡು ಸ್ಪ್ರಿಂಗ್ ಇಟ್ಟಿದ್ದಾರೆನ್ನಿ. ಎತ್ತರ ಒಂದೇ, ಸುತ್ತು ಒಂದೇ, ಬಣ್ಣವೂ ಒಂದೇ. ಒಂದರ ತಂತಿ 12 ಮಿ.ಮೀ. ದಪ್ಪ, ಇನ್ನೊಂದರದು 13. ಕ್ಯಾಲಿಪರ್ ಹಿಡಿಯದೆ ವ್ಯತ್ಯಾಸ ತಿಳಿಯದು. ಆದರೆ ತಂತಿಯ ದಪ್ಪ ಲೆಕ್ಕಕ್ಕೆ ಬರುವುದು ನಾಲ್ಕನೇ ಘಾತದಲ್ಲಿ. ಹಾಗಾಗಿ ಆ ಒಂದೇ ಮಿ.ಮೀ. ಸ್ಪ್ರಿಂಗನ್ನು ಶೇ 38ರಷ್ಟು ಗಡಸು ಮಾಡುತ್ತದೆ.

ಸುತ್ತುಗಳ ಲೆಕ್ಕ ಇದಕ್ಕೆ ತಿರುವುಮುರುವು. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದನ್ನು ಕತ್ತರಿಸಿದರೆ ಅದು ಶೇ 20ರಷ್ಟು ಬಿಗಿಯಾಗುತ್ತದೆ. ಗ್ರೈಂಡರ್ ಹಿಡಿದು ಸುತ್ತು ಕತ್ತರಿಸಿ ಕಾರು ‘ಇಳಿಸುವ’ ಗ್ಯಾರೇಜುಗಳಲ್ಲಿ ನಡೆಯುವುದು ಇದೇ. ಕತ್ತರಿಸಿದ ತುದಿ ಸ್ಪ್ರಿಂಗಿಗೆಂದು ಇರುವ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗ್ ಸಡಿಲಾಗಿ ಜಾಗ ತಪ್ಪಬಹುದು. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಕುಗ್ಗಿಸುವವರೂ ಇದ್ದಾರೆ. ಅಲ್ಲಿ ಉಕ್ಕಿಗೆ ಕೊಟ್ಟ ಹದವೇ ಹೋಗುತ್ತದೆ. ಈ ಎರಡನ್ನೂ ಯಾರೂ ಮಾಡಿಸಬಾರದು.

ಟೈರು ನೆಲ ಬಿಡುವ ಹೊತ್ತು

ಸ್ಪ್ರಿಂಗ್ ಇರುವುದು ಕಾರನ್ನು ಎತ್ತಿ ಹಿಡಿಯುವುದಕ್ಕೆ, ಅದು ವಾಲದಂತೆ ತಡೆಯುವುದಕ್ಕೆ ಎಂದು ಬಹಳ ಜನ ತಿಳಿದಿದ್ದಾರೆ. ಅದೂ ಹೌದು. ಆದರೆ ವೇಗವಾಗಿ ಓಡಿಸುವವರಿಗೆ ಅದರ ಮುಖ್ಯ ಉಪಕಾರ ಬೇರೆಯೇ ಇದೆ. ರಸ್ತೆ ಎದ್ದಲ್ಲಿ, ಬಿದ್ದಲ್ಲಿ ಟೈರನ್ನು ನೆಲಕ್ಕೆ ಒತ್ತಿ ಹಿಡಿಯುವುದು ಅದೇ. ಹಿಡಿತವೆಲ್ಲ ಟೈರಿನದು. ನೆಲ ಬಿಟ್ಟ ಟೈರಿಗೆ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ.

ಒಂದು ಲೆಕ್ಕ ಹಾಕೋಣ. ಇಬ್ಬರು ಕುಳಿತ ಹ್ಯಾಚ್‌ಬ್ಯಾಕ್ ಒಂದರ ಒಟ್ಟು ತೂಕ 1,250 ಕೆ.ಜಿ. ಎಂದಿಟ್ಟುಕೊಳ್ಳಿ. ಎಂಜಿನ್ ಮುಂದಿರುವುದರಿಂದ ತೂಕದ ಶೇ 60 ಮುಂದಿನ ಚಕ್ರಗಳ ಮೇಲೆ, ಅಂದರೆ ಒಂದೊಂದಕ್ಕೆ 375 ಕೆ.ಜಿ. ಚಕ್ರ, ಬ್ರೇಕ್ ಮುಂತಾದವು ಸ್ಪ್ರಿಂಗಿನ ಕೆಳಗೆ ಉಳಿಯುತ್ತವೆ. ಅದಕ್ಕೆ 40 ಕೆ.ಜಿ. ಕಳೆದರೆ ಸ್ಪ್ರಿಂಗ್ ಹೊರುವುದು 335 ಕೆ.ಜಿ.

ಮನೆಬಳಕೆಗೆ ಹದವಾದ ಕಾರಿನಲ್ಲಿ ಚಕ್ರದ ಬಳಿ ಈ ಗಡಸುತನ ಮಿ.ಮೀ.ಗೆ 22 ನ್ಯೂಟನ್ ಸುಮಾರಿಗೆ ಇರುತ್ತದೆ. ಅಷ್ಟು ಭಾರಕ್ಕೆ ಸ್ಪ್ರಿಂಗ್ ಸುಮಾರು 15 ಸೆಂ.ಮೀ. ಕುಗ್ಗಿ ಕೂತಂತಾಯಿತು. ಅದೇ ಕಾರಿಗೆ ಟ್ರ್ಯಾಕ್‌ಗೆಂದು ಮಾಡಿದ, 7 ಕೆ.ಜಿ. ರೇಟಿನ ಸ್ಪ್ರಿಂಗ್ ಹಾಕಿದರೆ ಚಕ್ರದ ಬಳಿ ಸುಮಾರು 62 ನ್ಯೂಟನ್. ಈಗ ಕುಗ್ಗಿರುವುದು ಐದೂಕಾಲು ಸೆಂ.ಮೀ. ಮಾತ್ರ.

ವೇಗದಲ್ಲಿ ಚಕ್ರ 5 ಸೆಂ.ಮೀ. ಆಳದ ಗುಂಡಿಯೊಂದನ್ನು ದಾಟುತ್ತದೆ. ಕಾರಿನ ಮೈ ಅಷ್ಟು ಬೇಗ ಕೆಳಗಿಳಿಯಲಾರದು, ಚಕ್ರವನ್ನು ಸ್ಪ್ರಿಂಗೇ ಕೆಳಗೆ ತಳ್ಳಬೇಕು. ಮೆತ್ತನೆಯ ಸ್ಪ್ರಿಂಗ್ ತನ್ನ ಬಲದಲ್ಲಿ ಮೂರನೇ ಒಂದು ಪಾಲು ಕಳೆದುಕೊಂಡು, ಉಳಿದದ್ದರಲ್ಲಿ ಟೈರನ್ನು ಒತ್ತುತ್ತಲೇ ಇರುತ್ತದೆ. ಗಡಸು ಸ್ಪ್ರಿಂಗಿನಲ್ಲಿ ಒತ್ತುವ ಬಲವೇ ಹೆಚ್ಚುಕಡಿಮೆ ಮುಗಿದಿರುತ್ತದೆ. ಉಬ್ಬಿನ ಮೇಲೂ ಇದೇ ಕತೆ. 3 ಸೆಂ.ಮೀ. ಉಬ್ಬಿಗೆ ಮೊದಲನೆಯದು ಕಾರಿನ ಮೈಗೆ 67 ಕೆ.ಜಿ.ಯಷ್ಟು ಹೆಚ್ಚುವರಿ ಒದೆ ಕೊಟ್ಟರೆ, ಎರಡನೆಯದರ ಒದೆ 190 ಕೆ.ಜಿ. ಹತ್ತಿರ. ನಂದಿಬೆಟ್ಟದ ತಿರುವಿನಲ್ಲಿ ಪುಟಿದ ಕಾರಿನ ರಹಸ್ಯ ಇಷ್ಟೇ.

ಮಟ್ಟಸವಾದ ರೇಸ್ ಟ್ರ್ಯಾಕಿನಲ್ಲಿ ಈ ಗುಂಡಿಯೇ ಇರುವುದಿಲ್ಲ. ಅಲ್ಲಿ ಗಡಸು ಸ್ಪ್ರಿಂಗಿಗೆ ಬೆಲೆಯಿದೆ. ರ್‍ಯಾಲಿಯಲ್ಲಿ ಮತ್ತೆ ಉಲ್ಟಾ. ನಮ್ಮ ಕೆ-1000ದಂಥ ರ್‍ಯಾಲಿಗಳ ಮಣ್ಣುದಾರಿಗೆ ಇಳಿಯುವ ಕಾರುಗಳಿಗೆ ಚಕ್ರ ಮೇಲೆ ಕೆಳಗೆ ಆಡಲು ಜಾಗ ಹೆಚ್ಚು ಬಿಟ್ಟು, ಸ್ಪ್ರಿಂಗನ್ನು ಆದಷ್ಟು ಮೆತ್ತಗಿಟ್ಟು, ಶಾಕ್ ಅಬ್ಸಾರ್ಬರನ್ನು ಗಟ್ಟಿ ಮಾಡುತ್ತಾರೆ. ಲೋಟಸ್‌ನ ಕಾಲಿನ್ ಚಾಪ್‌ಮನ್ 1962ರ ಎಲಾನ್ ಕಾರಿನಲ್ಲಿ ಮಾಡಿದ್ದೂ ಅದನ್ನೇ. ತಿರುವಿನಲ್ಲಿ ಅಷ್ಟು ಚುರುಕಾದ ಕಾರು ಇನ್ನೊಂದಿಲ್ಲ ಎಂದು ಹೊಗಳಿಸಿಕೊಂಡ ಆ ಪುಟ್ಟ ಕಾರಿನ ಸ್ಪ್ರಿಂಗುಗಳು ಮೆತ್ತಗಿದ್ದವು.

ಸೆಕೆಂಡಿಗೆ ಎಷ್ಟು ಸಲ?

ಬರೀ ರೇಟ್ ನೋಡಿ ಸ್ಪ್ರಿಂಗ್ ಗಡಸೋ ಮೆತ್ತಗೋ ಹೇಳಲಾಗದು. ಭಾರಿ ಎಸ್‌ಯುವಿಗೆ ಮೆತ್ತನೆಯದು ಆಲ್ಟೊಗೆ ಕಲ್ಲಿನಂತಿದ್ದೀತು. ಅದಕ್ಕೇ ಎಂಜಿನಿಯರುಗಳು ತೂಕವನ್ನೂ ಸೇರಿಸಿ ಇನ್ನೊಂದು ಅಳತೆ ಇಟ್ಟುಕೊಂಡಿದ್ದಾರೆ. ಕಾರಿನ ಮೂಲೆಯನ್ನು ಒಮ್ಮೆ ಒತ್ತಿ ಬಿಟ್ಟರೆ, ಶಾಕ್ ಅಬ್ಸಾರ್ಬರ್ ಇಲ್ಲವೆಂದುಕೊಂಡರೆ, ಅದು ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ? ಅಷ್ಟು ಹರ್ಟ್ಸ್.

ಸಾಮಾನ್ಯ ಕಾರುಗಳು 1ರಿಂದ 1.5 ಹರ್ಟ್ಸ್ ನಡುವೆ ಇರುತ್ತವೆ. ರಸ್ತೆಯ ಮೇಲೆ ಓಡುವ ಸ್ಪೋರ್ಟ್ಸ್ ಕಾರುಗಳು 1.5ರಿಂದ 2. ರೇಸ್ ಕಾರುಗಳು 2ಕ್ಕಿಂತ ಮೇಲೆ. ಗಾಳಿಯ ಒತ್ತಡದಿಂದಲೇ ನೆಲಕ್ಕೆ ಕಚ್ಚಿಕೊಳ್ಳುವ ಫಾರ್ಮುಲಾ ಕಾರುಗಳು 4, 5 ದಾಟಿದರೂ ಅಚ್ಚರಿಯಿಲ್ಲ. ಮೇಲೆ ಕೆಳಗಿನ ಅಲುಗಾಟದಲ್ಲಿ ಮನುಷ್ಯನ ಮೈಗೆ ಅತಿ ಕಿರಿಕಿರಿ ಕೊಡುವುದು 4ರಿಂದ 8 ಹರ್ಟ್ಸ್. ಅತ್ತ ಸರಿದಷ್ಟೂ ಬೆನ್ನು, ಹೊಟ್ಟೆ ದೂರು ಹೇಳತೊಡಗುತ್ತವೆ.

ನಮ್ಮ ಲೆಕ್ಕದ ಹ್ಯಾಚ್‌ಬ್ಯಾಕ್ 22 ನ್ಯೂಟನ್ನಿನಲ್ಲಿ 1.3 ಹರ್ಟ್ಸ್. 7 ಕೆ.ಜಿ. ಸ್ಪ್ರಿಂಗಿನಲ್ಲಿ ಸುಮಾರು 2.2, ಅಂದರೆ ರೇಸ್ ಕಾರಿನ ಹೊಸ್ತಿಲು ದಾಟಿ ಒಳಗೆ ಬಂದಾಯಿತು. 1.5ಕ್ಕೆ ಏರಿಸಲು 30 ನ್ಯೂಟನ್ ಸಾಕು. ಇಲ್ಲೊಂದು ಗಮನಿಸುವ ಅಂಶವಿದೆ. ರೇಟ್ ಮೂರನೇ ಒಂದು ಪಾಲು ಹೆಚ್ಚಿದರೂ ಹರ್ಟ್ಸ್ ಏರುವುದು ಶೇ 15 ಮಾತ್ರ. ಕಿಟ್ ಮಾರುವವರು ‘ಶೇ 30 ಹೆಚ್ಚು ಗಡಸು’ ಎಂದರೆ ಬೆಚ್ಚಬೇಕಿಲ್ಲ, ಅದು ಸಾಧುವಾದ ಬದಲಾವಣೆಯೇ. ಮೂರು ಪಟ್ಟು ಎಂದಾಗ ಬೆಚ್ಚಿ.

ಚಕ್ರದ ಬಳಿ ಉಳಿಯುವುದೆಷ್ಟು

ಇಲ್ಲಿಯವರೆಗೆ ಹೇಳಿದ್ದು ಚಕ್ರದ ಬಳಿಯ ಗಡಸುತನ. ಅಂಗಡಿಯಲ್ಲಿ ಸಿಗುವುದು ಸ್ಪ್ರಿಂಗಿನದು. ಎರಡೂ ಒಂದಲ್ಲ, ಏಕೆಂದರೆ ಸ್ಪ್ರಿಂಗ್ ಚಕ್ರದ ಮೇಲೆಯೇ ನಿಂತಿರುವುದಿಲ್ಲ. ಚಕ್ರ 10 ಮಿ.ಮೀ. ಎದ್ದಾಗ ಸ್ಪ್ರಿಂಗ್ ಎಷ್ಟು ಕುಗ್ಗಿತು ಎಂಬುದನ್ನು ಅಳೆದು, ಆ ಅನುಪಾತದ ವರ್ಗದಿಂದ ಸ್ಪ್ರಿಂಗಿನ ರೇಟನ್ನು ಗುಣಿಸಬೇಕು. ವರ್ಗ ಏಕೆಂದರೆ ಬಲವೂ ಆ ಪಾಲಿನಷ್ಟೇ ದಾಟುತ್ತದೆ, ಚಲನೆಯೂ ಅಷ್ಟೇ.

ನಮ್ಮ ಬಹುಪಾಲು ಚಿಕ್ಕ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಲ್ಲಿ ಈ ಅನುಪಾತ 0.95 ಆಸುಪಾಸು, ವರ್ಗ 0.9. ಚಕ್ರಕ್ಕೆ 30 ನ್ಯೂಟನ್ ಬೇಕಿದ್ದರೆ 33ರ ಸ್ಪ್ರಿಂಗ್ ಕೊಳ್ಳಬೇಕು. ಹಿಂಭಾಗದ ತೊಲೆಯಂಥ ಆ್ಯಕ್ಸಲ್ಲಿನಲ್ಲಿ ಸ್ಪ್ರಿಂಗ್ ಚಕ್ರಕ್ಕಿಂತ ಮುಂದಕ್ಕೆ, ಒಳಕ್ಕೆ ಕೂತಿರುತ್ತದೆ. ಅನುಪಾತ 0.7 ಎಂದಿಟ್ಟುಕೊಂಡರೆ ವರ್ಗ 0.49. ಅರ್ಧಕ್ಕರ್ಧ ಮಾಯ! ಹಿಂದಿನ ಚಕ್ರಕ್ಕೆ 25 ನ್ಯೂಟನ್ ಸಿಗಬೇಕಾದರೆ 51ರ ಸ್ಪ್ರಿಂಗ್ ಬೇಕು. ಹಾಗಾಗಿ ಹಿಂದಿನ ಸ್ಪ್ರಿಂಗಿನ ಅಂಕಿ ದೊಡ್ಡದಿದ್ದ ಮಾತ್ರಕ್ಕೆ ಕಾರಿನ ಹಿಂಭಾಗ ಗಡಸೆಂದು ತೀರ್ಮಾನಿಸುವಂತಿಲ್ಲ. ಗೆಳೆಯನ ಬೇರೆ ಕಂಪನಿಯ ಕಾರಿನ ಅಂಕಿಯನ್ನು ನಕಲು ಮಾಡುವುದಂತೂ ಶುದ್ಧ ದಂಡ.

ಓಲಿ ಕಂಡುಕೊಂಡದ್ದು

ಮುಂದೆಷ್ಟು, ಹಿಂದೆಷ್ಟು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1930ರ ದಶಕದ ಆರಂಭದಲ್ಲಿ, ಅಮೆರಿಕದಲ್ಲಿ. ರೋಲ್ಸ್ ರಾಯ್ಸ್‌ನಲ್ಲಿದ್ದ ಬ್ರಿಟಿಷ್ ಎಂಜಿನಿಯರ್ ಮಾರಿಸ್ ಓಲಿ 1930ರಲ್ಲಿ ಜನರಲ್ ಮೋಟರ್ಸ್‌ನ ಕ್ಯಾಡಿಲಾಕ್ ವಿಭಾಗ ಸೇರಿದರು. ಏಳು ಜನರ ದೊಡ್ಡ ಲಿಮೊಸಿನ್ ಒಂದಕ್ಕೆ ಮುಂದೆ, ಹಿಂದೆ ಚೌಕಟ್ಟು ಕಟ್ಟಿ ಅದರಲ್ಲಿ ಭಾರದ ಬಿಲ್ಲೆಗಳನ್ನು ಜರುಗಿಸುತ್ತಾ, ಸ್ಪ್ರಿಂಗ್ ಬದಲಿಸುತ್ತಾ ಓಡಿಸಿ ನೋಡಿದರು. ಯಾವ ಜೋಡಣೆಯಲ್ಲಿ ಸವಾರಿ ಹಾಯೆನಿಸುತ್ತದೆ ಎಂಬ ತೀರ್ಪು ಒಳಗೆ ಕೂತವರದು.

ಆಗಿನ ಕಾರುಗಳಲ್ಲಿ ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಬಹಳ ಗಡಸು. ಓಲಿ ಅದನ್ನು ತಿರುಗಿಸಿ ಹಾಕಿದರು. ಕಾರಣ ಸರಳ. ಉಬ್ಬು ಮೊದಲು ಮುಂದಿನ ಚಕ್ರಕ್ಕೆ ತಾಗುತ್ತದೆ. ಗಾಲಿಗಳ ನಡುವೆ ಎರಡೂವರೆ ಮೀಟರ್ ಅಂತರವಿದ್ದು ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದರೆ ಹಿಂದಿನ ಚಕ್ರಕ್ಕೆ ತಾಗುವುದು 0.11 ಸೆಕೆಂಡ್ ತಡವಾಗಿ. ಹಿಂಭಾಗ ತುಸು ಬೇಗ ಆಡುವಂತಿದ್ದರೆ ಒಂದು ಅಲೆಯೊಳಗೆ ಮುಂಭಾಗವನ್ನು ಹಿಡಿದುಬಿಡುತ್ತದೆ. ಕಾರು ತಲೆ ತೂಗುವುದು ನಿಂತು ಮಟ್ಟಸವಾಗಿ ಏರಿಳಿಯುತ್ತದೆ. ಆದರೆ ಮುಂದಿನ ಸ್ಪ್ರಿಂಗ್ ಮೆತ್ತಗಾದ ಕೂಡಲೇ ಅಖಂಡ ಆ್ಯಕ್ಸಲ್ಲಿನ ಚಕ್ರಗಳು ಗಡಗಡ ನಡುಗತೊಡಗಿದವು. ಆ ಕಾಟ ತಪ್ಪಿಸಲೆಂದೇ 1934ರ ಮಾಡೆಲ್‌ಗಳಲ್ಲಿ ಜನರಲ್ ಮೋಟರ್ಸ್ ಮುಂದಿನ ಚಕ್ರಗಳಿಗೆ ಬಿಡಿಬಿಡಿ ಸಸ್ಪೆನ್ಷನ್ ಕೊಟ್ಟಿತು.

ಹಿಂಭಾಗ ಶೇ 10ರಿಂದ 20ರಷ್ಟು ಹೆಚ್ಚು ಹರ್ಟ್ಸ್‌ನಲ್ಲಿರಲಿ ಎಂಬ ನಿಯಮ ರಸ್ತೆ ಕಾರುಗಳಿಗೆ ಇಂದಿಗೂ ಒಳ್ಳೆಯದೇ. ಹ್ಯಾಚ್‌ಬ್ಯಾಕುಗಳಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಹಿಂದೆ ಮೂವರು ಕೂತು ಡಿಕ್ಕಿ ತುಂಬಿದರೆ ಹಿಂಭಾಗದ ಭಾರ ಸಿಕ್ಕಾಪಟ್ಟೆ ಏರುತ್ತದೆ, ಹರ್ಟ್ಸ್ ಇಳಿಯುತ್ತದೆ. ಕಂಪನಿಯವರು ಆ ತುಂಬಿದ ಕಾರನ್ನೂ ಲೆಕ್ಕಕ್ಕಿಟ್ಟು ಸ್ಪ್ರಿಂಗ್ ಕೊಟ್ಟಿರುತ್ತಾರೆ. ಒಬ್ಬರೇ ಓಡಾಡುವವರ ಕಾರಿನ ಹಿಂಭಾಗ ಈಗಾಗಲೇ ಬೇಕಾದ್ದಕ್ಕಿಂತ ಗಡಸೇ ಇರಬಹುದು.

ವಾಲದಿದ್ದರೆ ಗೆದ್ದಂತೆಯೇ?

ತಿರುವಿನಲ್ಲಿ ಒಳಗಿನ ಚಕ್ರಗಳ ಭಾರ ಹೊರಗಿನ ಚಕ್ರಗಳ ಮೇಲೆ ಬೀಳುತ್ತದೆ. ಸ್ಪ್ರಿಂಗ್ ಬಿಗಿ ಮಾಡಿದರೆ ಇದು ಕಡಿಮೆಯಾಗುತ್ತದೆಂದು ಪಳಗಿದ ಹುಡುಗರೂ ವಾದಿಸುತ್ತಾರೆ. ಹಾಗಾಗುವುದಿಲ್ಲ. ಎಷ್ಟು ಭಾರ ದಾಟುತ್ತದೆ ಎಂಬುದು ಕಾರಿನ ತೂಕ, ಗುರುತ್ವಕೇಂದ್ರದ ಎತ್ತರ, ಎಡ ಬಲ ಚಕ್ರಗಳ ಅಂತರ, ತಿರುವಿನ ರಭಸ ಇವುಗಳಿಗೆ ಬಿಟ್ಟದ್ದು. ನಮ್ಮ 1,250 ಕೆ.ಜಿ. ಕಾರು 0.8 ಜಿ ಬಲದಲ್ಲಿ ತಿರುಗಿದರೆ, ಗುರುತ್ವಕೇಂದ್ರ 55 ಸೆಂ.ಮೀ. ಎತ್ತರ, ಚಕ್ರಗಳ ಅಂತರ 1.45 ಮೀಟರ್ ಎಂದುಕೊಂಡರೆ, ಸುಮಾರು 380 ಕೆ.ಜಿ. ಹೊರಗಿನ ಕಡೆಗೆ ಹೋಗಿಯೇ ಹೋಗುತ್ತದೆ. ಗಡಸು ಸ್ಪ್ರಿಂಗಿನಿಂದ ಕಣ್ಣಿಗೆ ಕಾಣುವ ವಾಲಿಕೆ ಕಡಿಮೆಯಾಗುತ್ತದೆ, ಅಷ್ಟೇ.

ಸ್ಪ್ರಿಂಗಿಗೆ ನಿಜವಾಗಿ ಸಾಧ್ಯವಿರುವುದು ಆ 380 ಕೆ.ಜಿ.ಯನ್ನು ಮುಂದಿನ, ಹಿಂದಿನ ಜೋಡಿಗಳ ನಡುವೆ ಹಂಚುವುದು. ಯಾವ ತುದಿ ಹೆಚ್ಚು ಬಿಗಿಯೋ ಅದು ಹೆಚ್ಚು ಪಾಲು ಹೊರುತ್ತದೆ, ಮೊದಲು ಹಿಡಿತ ಬಿಡುತ್ತದೆ. ಮುಂದಿನ ಚಕ್ರದಿಂದ ಓಡುವ ಕಾರಿಗೆ ಮುಂದಷ್ಟೇ ಗಡಸು ಸ್ಪ್ರಿಂಗ್ ಹಾಕಿದರೆ ಸ್ಟಿಯರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಓಡುತ್ತದೆ. ವಾಲಿಕೆಯಷ್ಟೇ ನಿಮ್ಮ ತಕರಾರಾದರೆ ಎಡ ಬಲ ಚಕ್ರಗಳನ್ನು ಬೆಸೆಯುವ, ತುಸು ದಪ್ಪನೆಯ ಆ್ಯಂಟಿ ರೋಲ್ ಬಾರ್ ಅಗ್ಗದ ಮದ್ದು. ಎರಡೂ ಚಕ್ರ ಒಟ್ಟಿಗೆ ಹಂಪ್ ಏರುವಾಗ ಅದು ಅಡ್ಡಬರುವುದಿಲ್ಲ. ಒಂದೇ ಚಕ್ರ ಗುಂಡಿಗೆ ಬಿದ್ದಾಗ ಮಾತ್ರ ಬರುತ್ತದೆ.

ಇಳಿಸುವ ಖಯಾಲಿ

ಹೆಚ್ಚಿನವರು ಸ್ಪ್ರಿಂಗ್ ಬದಲಿಸುವುದು ರೇಟಿಗಾಗಿ ಅಲ್ಲ, ಕಾರು ತಗ್ಗಿ ಕೂರಲಿ ಎಂದು. ನೋಟ ಚೆಂದವೇ, ಒಪ್ಪೋಣ. ಆದರೆ ಚಕ್ರ ಮೇಲೇಳಲು 7 ಸೆಂ.ಮೀ. ಜಾಗವಿದ್ದ ಕಾರನ್ನು 4 ಸೆಂ.ಮೀ. ಇಳಿಸಿದರೆ ಉಳಿದದ್ದು ಮೂರೇ. ಅದು ಮುಗಿದ ಮೇಲೆ ಕಾರು ಬಂಪ್ ಸ್ಟಾಪರ್ ಎಂಬ ರಬ್ಬರು ತುಂಡಿನ ಮೇಲೆ ಕೂರುತ್ತದೆ. ಆ ಕ್ಷಣದಲ್ಲಿ ನೀವು ದುಡ್ಡು ಕೊಟ್ಟು ತಂದ ಸ್ಪ್ರಿಂಗಿನ ರೇಟಿಗೆ ಅರ್ಥವೇ ಇಲ್ಲ. ತಿರುವಿನ ನಡುವೆ ಹೀಗಾದರೆ ಆ ಚಕ್ರ ಒಮ್ಮೆಲೇ ಗಡಸಾಗಿ ಕಾರು ಜಾರುತ್ತದೆ. ಸ್ಟ್ರಟ್ ಇರುವ ಕಾರುಗಳಲ್ಲಿ ಇನ್ನೊಂದು ತೊಂದರೆ. ಕಾರು ತಗ್ಗಿದಂತೆ ಕೆಳಗಿನ ತೋಳು ಓರೆಯಾಗಿ, ಕಾರು ವಾಲುವ ಕೇಂದ್ರ ಗುರುತ್ವಕೇಂದ್ರಕ್ಕಿಂತ ವೇಗವಾಗಿ ಕುಸಿಯುತ್ತದೆ. ಇಳಿಸಿದ ಕಾರು ಮೊದಲಿಗಿಂತ ಹೆಚ್ಚು ವಾಲಲು ಹವಣಿಸುತ್ತದೆ!

ಹಂಪ್‌ಗಳ ಮೇಲಿನ ಸಿಟ್ಟಿನಲ್ಲೂ ಒಂದು ನ್ಯಾಯವಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾನದಂಡದಂತೆ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನಾಗಿರಬೇಕು. ಅಂಥದರ ಮೇಲೆ ಎರಡೂವರೆ ಮೀಟರ್ ಗಾಲಿಯಂತರದ ಕಾರಿನ ಹೊಟ್ಟೆಗೆ ಬೇಕಾದ ಜಾಗ ಐದು ಸೆಂ.ಮೀ.ಗಿಂತ ಕಡಿಮೆ. ಇಳಿಸಿದ ಕಾರೂ ಆರಾಮಾಗಿ ದಾಟೀತು. ತಳ ಉಜ್ಜುವುದು ಊರವರು ರಾತ್ರೋರಾತ್ರಿ ಕಟ್ಟಿದ, ಅರ್ಧ ಮೀಟರ್ ಅಗಲದ ದಿಬ್ಬಗಳ ಮೇಲೆ. ಅವು ನಾಳೆಯೇ ಮಾಯವಾಗುವಂಥವಲ್ಲವಾದ್ದರಿಂದ ಲೆಕ್ಕವನ್ನು ಅವಕ್ಕೇ ಹೊಂದಿಸಬೇಕು.

ಶಾಕ್ ಬಿಟ್ಟು ಸ್ಪ್ರಿಂಗ್ ಇಲ್ಲ

ಸ್ಪ್ರಿಂಗ್ ತಾನು ನುಂಗಿದ್ದನ್ನು ಹಾಗೆಯೇ ವಾಪಸ್ಸು ಉಗುಳುತ್ತದೆ. ಆ ಚಿಮ್ಮುವಿಕೆಯನ್ನು ತಣಿಸುವುದು ಶಾಕ್ ಅಬ್ಸಾರ್ಬರ್. ಸ್ಪ್ರಿಂಗ್ ರೇಟ್ ಮೂರನೇ ಒಂದು ಪಾಲು ಏರಿದರೆ ಶಾಕ್‌ನ ಬಿಗಿಯೂ ಶೇ 15ರಷ್ಟು ಏರಬೇಕು. ಒಳ್ಳೆಯ ಸ್ಥಿತಿಯಲ್ಲಿರುವ ಕಂಪನಿಯ ಶಾಕ್ ಅಷ್ಟನ್ನು ಹೇಗೋ ನಿಭಾಯಿಸೀತು. 7 ಕೆ.ಜಿ. ಸ್ಪ್ರಿಂಗಿಗಾದರೆ ಸುಮಾರು ಶೇ 70ರಷ್ಟು ಹೆಚ್ಚು ಬೇಕು. ಅದು ಹಳೆಯ ಶಾಕ್‌ನ ಕೈಯಲ್ಲಿ ಆಗದು. 60 ಸಾವಿರ ಕಿ.ಮೀ. ಓಡಿದ ಶಾಕ್ ಮೇಲೆ ಹೊಸ ಗಡಸು ಸ್ಪ್ರಿಂಗ್ ಕೂರಿಸಿ, ಕಾರು ಕುಣಿಯುತ್ತದೆ ಎಂದು ಸ್ಪ್ರಿಂಗನ್ನು ಬೈಯುವವರೇ ಹೆಚ್ಚು.

ಆರಿಸುವುದು ಹೀಗೆ

ಮೊದಲು ಕಾರನ್ನು ವೇ ಬ್ರಿಡ್ಜ್‌ಗೆ ಒಯ್ಯಿರಿ. ನೀವು ಸಾಮಾನ್ಯವಾಗಿ ಓಡಾಡುವಷ್ಟೇ ಜನರನ್ನು ಕೂರಿಸಿಕೊಂಡು, ಒಮ್ಮೆ ಇಡೀ ಕಾರು, ಒಮ್ಮೆ ಮುಂದಿನ ಚಕ್ರಗಳನ್ನು ಮಾತ್ರ ತೂಕಕ್ಕೆ ಹತ್ತಿಸಿ. ಆಮೇಲೆ ಶಾಕ್‌ನ ಹೊಳೆಯುವ ದಂಡಕ್ಕೆ ಪ್ಲಾಸ್ಟಿಕ್ ಟ್ಯಾಗ್ ಒಂದನ್ನು ಸುತ್ತಿ ಬಿಗಿದು, ನಿಮ್ಮ ನಿತ್ಯದ ದಾರಿಯಲ್ಲಿ ಒಂದು ವಾರ ಓಡಿಸಿ. ಟ್ಯಾಗ್ ಎಲ್ಲಿಗೆ ಜರುಗಿ ನಿಂತಿದೆಯೋ ಅಷ್ಟು ಜಾಗವನ್ನು ನಿಮ್ಮ ರಸ್ತೆ ಬಳಸಿಕೊಂಡಿದೆ. ಅದು ಈಗಾಗಲೇ ಬಂಪ್ ಸ್ಟಾಪರಿಗೆ ತಾಗುತ್ತಿದ್ದರೆ ಕಾರು ಇಳಿಸುವ ಮಾತು ಅಲ್ಲಿಗೆ ಬಿಡಿ.

ಈ ಅಂಕಿಗಳನ್ನಿಟ್ಟುಕೊಂಡು ಮುಂದೆ 1.5, ಹಿಂದೆ 1.7 ಹರ್ಟ್ಸ್ ಸುತ್ತಮುತ್ತ ಬರುವ ರೇಟ್ ಹುಡುಕುವುದು ನಮ್ಮ ರಸ್ತೆಗೆ ಸಾಕು. ತಿಂಗಳಿಗೊಮ್ಮೆ ಕೊಯಮತ್ತೂರಿನ ಟ್ರ್ಯಾಕಿಗೆ ಹೋಗುವವರು ತುಸು ಮೇಲೇರಲಿ. ರೇಟ್ ನಮೂದಿಸದ ಸ್ಪ್ರಿಂಗನ್ನು, ಎಷ್ಟೇ ಅಗ್ಗವಾದರೂ, ಕೊಳ್ಳಬೇಡಿ. ಮಾರುವವರಿಗೇ ಗೊತ್ತಿಲ್ಲದ್ದು ನಿಮ್ಮ ಚಕ್ರದ ಮೇಲೆ ಏಕೆ ಬೇಕು?

ಕಾನೂನನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ಎತ್ತಿಹಿಡಿದಿದೆ. ಕೈ ಹಾಕುವ ಮುನ್ನ ಆರ್‌ಟಿಒ ಮತ್ತು ವಿಮೆ ಕಂಪನಿಯನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಬಜೆಟ್ ಒಂದಕ್ಕೇ ಸಾಲುವುದಾದರೆ ಸ್ಪ್ರಿಂಗಿನ ಹಣದಲ್ಲಿ ನಾಲ್ಕು ಒಳ್ಳೆಯ ಟೈರು ಮತ್ತು ಹೊಸ ಶಾಕ್ ಹಾಕಿಸಿ. ಘಟ್ಟದ ದಾರಿಯಲ್ಲಿ ಕಾರು ಅದರಿಂದಲೇ ಹೆಚ್ಚು ಚುರುಕಾಗುತ್ತದೆ.